ಕರಿಹುಳದ ಸಾಕ್ಷಿ

“ನಿನ್ನ ಹುಳಾ ಈಬತ್ತಿ ಹಚ್ಕೊಂಡು ಮಠಕ್ಕ ಹೊಂಟಾವ ನೋಡಬೇ ಅಕ್ಕಾ. ನಮ್ಮೂರಾಗ ಮನಶ್ಯಾರಿಗಿಲ್ಲದ ಭಕ್ತಿ ಇವಕ್ಕ ಬಂದೈತಿ!”

ಗುರುಬಸವ್ವ ಹೀಗೆಂದು, ನೆಲಮಟ್ಟಕ್ಕೆ ಹೂತಿಟ್ಟಿದ್ದ ಸ್ಟೀಲ್ ಲೋಟವನ್ನು ಕಿತ್ತು ಅಕ್ಕನ ಮುಂದೆ ಹಿಡಿದಳು. ಲೋಟದ ತಳದಲ್ಲಿ ಐದಾರು ಜೀರುಂಡೆಗಳು ಒಂದರ ಮೇಲೊಂದು ಹತ್ತಲು ಹೋಗಿ ಜಾರುತ್ತಿದ್ದವು. ಊರವರು ಕರಿಹುಳ ಎನ್ನುವ ಅವುಗಳ ಬೆನ್ನು ನಿಜಕ್ಕೂ ಬೂದಿ ಬಳಿದ ಹಾಗೆ ಬೆಳ್ಳಗಿತ್ತು.

“ಧೂಳದು, ಹುಚ್ಚಿ,” ಎಂದಳು ನೀಲಾಂಬಿಕಾ. “ಒಂದು ಸ್ನಾನ ಮಾಡಿಸಿದ್ನಂದ್ರ ಇದ್ದಲಿ ಮಿಂಚಿದಂಗ ಮಿಂಚತಾವ.”

“ಹುಳಕ್ಕ ಸ್ನಾನಾ ಮಾಡಸ್ತೀರಿ. ನಮಗ ನೋಡಿದ್ರ ಟ್ಯಾಂಕರ್ ಬಂದಾಗ ಸ್ನಾನ.”

“ಇವಕ್ಕೇನು ನೀರು ಹಾಕ್ತೀನಂತ ಮಾಡೀಯೇನು? ಸ್ಪಿರಿಟ್ಟಿನ ಸ್ನಾನ.”

“ಹೌದೇನಬೇ! ಹಂಗಾದ್ರ ನಮ್ಮನಿಯವ್ರು ಹುಳಾ ಆಗಿ ಹುಟ್ಟಬೇಕಾಗಿತ್ತು ಬಿಡು. ಸುಮ್ನ ಮನಶ್ಯಾ ಆಗಿ ಹುಟ್ಟಿ ರೊಕ್ಕಾ ಕೊಟ್ಟು ಕುಡದ್ರು.”

ಸತ್ತ ಗಂಡನನ್ನು ಹೀಗೆ ನೆನೆದು ನಗುವುದು ಗುರುಬಸವ್ವನ ಅಭ್ಯಾಸ. ಅಕ್ಕ ನಗಬಾರದೆಂದುಕೊಂಡರೂ ಪ್ರತಿ ಸಲ ನಕ್ಕುಬಿಡುತ್ತಿದ್ದಳು.

ನೀಲಾಂಬಿಕಾ ಹನಿಗೇರಿ ಪಟ್ಟಣದ ಜೀರುಂಡೆ ಸಮೀಕ್ಷಾ ಕೇಂದ್ರದ ಮುಖ್ಯಸ್ಥೆ. ಗುರುಬಸವ್ವ ಅವಳ ಬೆನ್ನಿಗೆ ಹುಟ್ಟಿದ ತಂಗಿ, ಹುಲಿಗುಂಡಿ ಎಂಬ ಹಳ್ಳಿಗೆ ಸೊಸೆಯಾಗಿ ಬಂದವಳು. ಎರಡು ಊರಿನ ನಡುವೆ ಬೋಳಗುಡ್ಡ. ಹೆಸರಿಗೆ ಗುಡ್ಡ, ಅಷ್ಟೆ. ಹತ್ತಿದವರಿಗೆ ಅದು ಬೆಟ್ಟಸಾಲು, ಜೀಪಿನಲ್ಲಿ ಸುತ್ತಿಕೊಂಡು ಹೋಗಲು ಅರ್ಧ ದಿನ ಬೇಕು. ಪಡುವಣ ಮಗ್ಗುಲಿನಲ್ಲಿ ಹನಿಗೇರಿ. ಮೂಡಣ ಮಗ್ಗುಲಿನಲ್ಲಿ ಹುಲಿಗುಂಡಿ, ಅದರಾಚೆ ಕಣ್ಣು ಹಾಯುವಷ್ಟೂ ಮರಳು. ನಮ್ಮ ಅಜ್ಜಂದಿರ ಕಾಲದಲ್ಲಿ ಅಲ್ಲಿ ಎದೆಮಟ್ಟ ಜೋಳ ನಿಲ್ಲುತ್ತಿತ್ತು ಎಂದರೆ ಈಗ ಹುಟ್ಟಿದವರು ನಂಬುವುದಿಲ್ಲ. ಹುಲಿಗುಂಡಿಯ ಜನ ಈಗ ಮರಳಿನ ಮೇಲೆ ಹಾಸಿರುವ ಸೋಲಾರ್ ಫಲಕಗಳ ಧೂಳು ಒರೆಸಿ ಬದುಕುತ್ತಾರೆ. ಆ ಕರೆಂಟಿನಿಂದ ಗುಡ್ಡದ ನೆತ್ತಿಯ ಮೇಲಿನ ಇಬ್ಬನಿ ಗೋಪುರಗಳು ಓಡುತ್ತವೆ. ಆ ಗೋಪುರಗಳ ನೀರನ್ನು ಹನಿಗೇರಿ ಕುಡಿಯುತ್ತದೆ.

ಗೋಪುರದ ವಿದ್ಯೆಯನ್ನು ಮನುಷ್ಯ ಕಲಿತದ್ದೂ ಹುಳದಿಂದಲೇ ನೋಡಿ. ದೂರದ ಒಂದು ಮರುಭೂಮಿಯಲ್ಲಿ ಈ ಕರಿಹುಳದ ದಾಯಾದಿಯೊಂದಿದೆ. ಮಂಜು ಬೀಸುವಾಗ ಅದು ತಲೆ ತಗ್ಗಿಸಿ, ಬೆನ್ನೆತ್ತಿ, ಗಾಳಿಗೆ ಎದುರಾಗಿ ನಿಲ್ಲುತ್ತದೆ. ಬೆನ್ನಿನ ಮೇಲೆ ಹನಿ ಕಟ್ಟಿ, ಜಾರಿ, ಬಾಯಿಗೇ ಬಂದು ಬೀಳುತ್ತದೆ. ಅಂಥ ಬೆನ್ನನ್ನೇ ಬಲೆಯಾಗಿ ನೇಯ್ದು, ತಾಳೆಮರದೆತ್ತರದ ಗೋಪುರಗಳಿಗೆ ಸುತ್ತಿದರು. ಅದು ಮೊದಲನೆಯ ಸಾಲು. ಮಂಜು ಇದ್ದರೆ ನೀರು, ಇಲ್ಲದಿದ್ದರೆ ಇಲ್ಲ. ಆಮೇಲೆ ಬಂದದ್ದು ಎರಡನೆಯ ಸಾಲು. ಅದರ ತಂತಿಗಳಲ್ಲಿ ವಿದ್ಯುತ್ತು ಹರಿಸಿದರೆ ಕಣ್ಣಿಗೆ ಕಾಣದ ಆವಿಯನ್ನೂ ಗಾಳಿಯಿಂದ ಎಳೆದುಕೊಳ್ಳುತ್ತದೆ. ಹಸಿ ಬಟ್ಟೆ ಹಿಂಡಿದ ಹಾಗೆ ಗಾಳಿಯನ್ನು ಹಿಂಡುವ ಕೆಲಸ.

ಪಡುವಣದಲ್ಲಿ ಹಿಂಡಿದ ಗಾಳಿ ಗುಡ್ಡ ದಾಟಿ ಮೂಡಣಕ್ಕೆ ಹೋಗುವಾಗ ಅದರಲ್ಲಿ ಏನು ಉಳಿದಿರುತ್ತದೆ? ಜಗಳ ಹತ್ತಿದ್ದು ಇಲ್ಲಿ. ಮೊದಲು ಎರಡೂ ಕಡೆ ತೇವ ಅಳೆಯುವ ಮಾಪಕಗಳನ್ನು ನೆಟ್ಟಿದ್ದರು. ಹನಿಗೇರಿಯವರು ಹುಲಿಗುಂಡಿಗೆ ಬಂದು ಮಾಪಕದ ಪಕ್ಕದಲ್ಲೇ ದನಗಳಿಗೆಂದು ನೀರಿನ ತೊಟ್ಟಿ ಕಟ್ಟಿಸಿ ಪುಣ್ಯ ಕಟ್ಟಿಕೊಂಡರು. ಹುಲಿಗುಂಡಿಯವರು ಅದೇ ಮಾಪಕದ ಬುಡದಲ್ಲಿ ಒಲೆ ಹೂಡಿ ರೊಟ್ಟಿ ಬಡಿದರು. ನ್ಯಾಯ ಹೇಳಬೇಕಾದ ಮಂಡಳಿ ಬೇಸತ್ತು ಮಾಪಕಗಳನ್ನೆಲ್ಲ ಕಿತ್ತು ಹಾಕಿಸಿತು. ಸುಳ್ಳು ಹೇಳದ, ಲಂಚ ತಿನ್ನದ, ಊರು ಬಿಟ್ಟು ಓಡಿಹೋಗದ ಸಾಕ್ಷಿ ಯಾರಿದ್ದಾರೆ ಎಂದು ಹುಡುಕಿ ಕೊನೆಗೆ ಕರಿಹುಳವನ್ನು ಕಟಕಟೆಗೆ ತಂದರು.

ತಮಾಷೆಯಲ್ಲ. ಈ ಜೀರುಂಡೆಗಳ ಬೆನ್ನ ಚಿಪ್ಪು ಬೆಸೆದುಹೋಗಿರುತ್ತದೆ, ಹಾರಲಾರವು. ಹುಟ್ಟಿದ ಇಳಿಜಾರಿನಲ್ಲೇ ಸಾಯುತ್ತವೆ. ಕೆಲವಕ್ಕೆ ಇಷ್ಟು ತೇವ ಬೇಕು, ಕೆಲವಕ್ಕೆ ಅಷ್ಟು. ಗಾಳಿ ಒಣಗಿದರೆ ಒಂದೊಂದೇ ಜಾತಿ ಕಾಣೆಯಾಗಬೇಕು. ಆದ್ದರಿಂದ ವರ್ಷಕ್ಕೊಮ್ಮೆ ಎರಡೂ ಮಗ್ಗುಲಿನಲ್ಲಿ ಹುಳ ಹಿಡಿದು ಜಾತಿ ಗುರುತಿಸಬೇಕು. ಮೂಡಣದಲ್ಲಿ ಒಂದು ಜಾತಿ ಕಡಿಮೆಯಾದರೂ ಎರಡನೆಯ ಸಾಲು ನಿಲ್ಲಬೇಕು. ಬೋಳಗುಡ್ಡದ ಒಪ್ಪಂದ ಅಂದರೆ ಇಷ್ಟೇ.

ಲೋಟದ ಹುಳಗಳನ್ನು ಡಬ್ಬಿಗೆ ಸುರಿಯುತ್ತಿದ್ದ ನೀಲಾಂಬಿಕಾಳ ಕೈಯನ್ನು ತಂಗಿ ಮೆಲ್ಲಗೆ ಹಿಡಿದಳು.

“ಅಕ್ಕಾ, ಒಂದು ಕೇಳ್ತೀನಿ, ನಗಬ್ಯಾಡ. ಶಿವಲೀಲಾನ್ನ ಬಾಣಂತನಕ್ಕ ಇಲ್ಲಿಗೇ ಕರಕೊಂಡು ಬರ್ಲೇನು? ಅಳಿಯಂದ್ರು ಹನಿಗೇರ್‍ಯಾಗ ಇರ್ಲಿ ಅಂತಾರ. ಚೊಚ್ಚಲ ಬಾಣಂತನ ತವರಾಗ ಆಗಲಿಲ್ಲಂದ್ರ ನನ್ನ ಜೀವಕ್ಕ ಸಮಾಧಾನಿಲ್ಲ. ಆದ್ರ ಇಲ್ಲಿ ಗಾಳಿ… ಮೂಗು ಒಣಗ್ತಾವ, ತುಟಿ ಒಡೀತಾವ. ನಮಗೇನು, ರೂಢಿ. ಕೂಸಿಗೆ?”

ನೀಲಾಂಬಿಕಾ ಡಬ್ಬಿಯ ಮುಚ್ಚಳ ತಿರುಗಿಸಿದಳು. ತಿಳಿಯದೆ ಮಾತಾಡುವವಳಲ್ಲ ಅವಳು. ವರ್ಷಗಟ್ಟಲೆ ಈ ಇಳಿಜಾರನ್ನು ಮೊಣಕಾಲೂರಿ ಅಳೆದವಳು.

“ಹ್ವಾದ ವರ್ಷ ಇದ್ದ ಹದಿನಾಕೂ ಜಾತಿ ಈ ವರ್ಷನೂ ಕಣ್ಣಿಗೆ ಬಿದ್ದಾವ, ಗುರೂ. ಗಾಳಿ ಕೆಟ್ಟಿತ್ತಂದ್ರ ನಮಗಿಂತ ಮೊದಲು ಅವು ಸಾಯಬೇಕು. ಕರಕೊಂಡು ಬಾ.”

“ನೀ ಅಂದಿಯಲ್ಲಬೇ, ಸಾಕು,” ಎಂದಳು ಗುರುಬಸವ್ವ. ಸೆರಗಿನ ತುದಿ ನಾಲಿಗೆಗೆ ತಾಗಿಸಿ ಒಡೆದ ತುಟಿ ಒರೆಸಿಕೊಂಡಳು.

*

ಕೇಂದ್ರದಲ್ಲಿ ಹುಳದ ಸ್ನಾನವೆಂದರೆ ಒಂದು ವ್ರತವೇ. ಬಿಳಿ ಪಿಂಗಾಣಿ ಬಟ್ಟಲಲ್ಲಿ ಸ್ಪಿರಿಟ್, ಪಕ್ಕದಲ್ಲಿ ಒಂಟೆ ಕೂದಲಿನ ಬ್ರಷ್ಷು, ಒತ್ತಿ ಒರೆಸಲು ಹಳೆಯ ಮಲ್ ಪಂಚೆಯ ತುಂಡು. ಸಹಾಯಕ ಯೂನುಸ್ ಒಂದೊಂದೇ ಹುಳವನ್ನು ಅದ್ದಿ, ಬೆನ್ನುಜ್ಜಿ, ಒರೆಸಿ, ಕ್ಯಾಮೆರಾದ ಕೆಳಗೆ ಇಡುತ್ತಿದ್ದ.

“ನಮ್ಮಪ್ಪ ಕೇಳ್ತಿದ್ದ್ರಿ ಮೇಡಂ, ಎಂಎಸ್ಸಿ ಓದಿ ಏನು ಮಾಡ್ತಿ ಅಂತ. ಮೈ ತಿಕ್ಕತೀನಿ ಅಂತ ಹೆಂಗ ಹೇಳ್ಲಿ?”

“ಹಮಾಮು ಇಟ್ಟೀನಿ ಅನ್ನು. ಮರ್ಯಾದಿ ಇರ್ತೈತಿ.”

ಸ್ನಾನ ಶುರುವಾದದ್ದಕ್ಕೆ ಕಾರಣ ಇತ್ತು. ಒಪ್ಪಂದದ ಮೊದಲ ವರ್ಷ ಹುಳಗಳನ್ನು ಇದ್ದ ಹಾಗೆಯೇ ಕ್ಯಾಮೆರಾಕ್ಕೆ ಒಡ್ಡಿದ್ದರು. ಗುರುತಿಸುವ ಕೆಲಸ ಮಾಡುವ ಯಂತ್ರ ಧೂಳಿನ ಮಚ್ಚೆಗಳನ್ನೆಲ್ಲ ಲಕ್ಷಣವೆಂದು ನಂಬಿ, ಇಲ್ಲದ ಜಾತಿಗಳನ್ನು ಹುಟ್ಟಿಸಿಬಿಟ್ಟಿತು. ಮಂಡಳಿಯ ಮುಂದೆ ಎರಡೂ ಕಡೆಯ ವಕೀಲರು ಬಿದ್ದು ಬಿದ್ದು ನಕ್ಕರು. ಆ ಅವಮಾನ ನುಂಗಲಾರದೆ ನೀಲಾಂಬಿಕಾ ಸ್ನಾನದ ನಿಯಮ ತಂದಳು. ಆಮೇಲೆ ಒಂದೇ ಒಂದು ತಪ್ಪಿಲ್ಲ. ಹುಳ ತೊಳೆದರೆ ಮುಖ ತೊಳೆದಂತೆ. ಮೀಸೆಯ ಗೆಣ್ಣು, ಮುಂದಿನ ನಾಲ್ಕು ಪಾದಗಳಿಗೆ ಐದೈದು ಕೀಲು, ಹಿಂದಿನ ಎರಡಕ್ಕೆ ನಾಲ್ಕು, ಬೆನ್ನಿನ ಗೆರೆ, ಗುಳಿ, ಎಲ್ಲ ನಿಚ್ಚಳ. ಬೇರೆ ರಾಜ್ಯದವರು ಬಂದು ಈ ಪದ್ಧತಿ ಕಲಿತು ಹೋದರು. ಅವಳಿಗೆ ಅದರ ಬಗ್ಗೆ ಹೆಮ್ಮೆ ಇತ್ತು, ಇರಬೇಕಾದದ್ದೇ.

ಆ ವರ್ಷವೂ ಯಂತ್ರ ಹೇಳಿತು: ಪಡುವಣದಲ್ಲಿ ಹದಿನಾಲ್ಕು, ಮೂಡಣದಲ್ಲಿ ಹದಿನಾಲ್ಕು. ನೀಲಾಂಬಿಕಾ ಪ್ರಮಾಣಪತ್ರಕ್ಕೆ ಸಹಿ ಹಾಕಿದಳು.

ಸಹಿಗಾಗಿ ಕಾಯುತ್ತಿದ್ದವರಲ್ಲಿ ಶಿವಲೀಲಾಳ ಗಂಡ ಅಮರೇಶನೂ ಒಬ್ಬ. ಗೋಪುರಗಳ ನಿಯಂತ್ರಣ ಕೊಠಡಿಯಲ್ಲಿ ಅವನದು ಹಗಲು ಪಾಳಿ. ಪತ್ರ ಬಂದ ದಿನ ಅದುವರೆಗೆ ಅರ್ಧಕ್ಕೇ ಓಡುತ್ತಿದ್ದ ಎರಡನೆಯ ಸಾಲಿಗೆ ಕರೆಂಟು ಬಿಡುವ ಸ್ವಿಚ್ಚಿನ ಗುಬ್ಬಿಯನ್ನು ಅವನೇ ಪೂರ್ತಿ ಬಲಕ್ಕೆ ತಿರುಗಿಸಿದ. ಹನಿಗೇರಿಯ ಕೆಳಗಿನ ಓಣಿಗಳಲ್ಲಿ ಮೊದಲ ಬಾರಿಗೆ ದಿನಕ್ಕೆರಡು ಸಲ ನಲ್ಲಿ ಬಂತು. ಹೆಂಗಸರು ನಲ್ಲಿಗೆ ಕುಂಕುಮ ಹಚ್ಚಿದರು. ಆಸ್ಪತ್ರೆಯ ಮೇಲಿನ ಟ್ಯಾಂಕು ತುಂಬಿ ಹರಿದಾಗ ಜನ ಬೈಯಲಿಲ್ಲ, ನಿಂತು ನೋಡಿದರು.

ಶಿವಲೀಲಾ ತವರಿಗೆ ಹೋದಳು. ಹೆಣ್ಣು ಕೂಸು ಹುಟ್ಟಿತು.

*

ಹುಲಿಗುಂಡಿಯ ಬಾಣಂತಿಕೋಣೆಗೆ ಕಿಟಕಿ ಇತ್ತು, ಆದರೆ ಗೋಣಿತಟ್ಟು ಹೊಡೆದು ಮುಚ್ಚಿದ್ದರು. ಹೊರಸಿನ ಕೆಳಗೆ ಅಗ್ಗಿಷ್ಟಿಗೆ. ಕೆಂಡದ ಮೇಲೆ ಅಜಿವಾನ, ಬೆಳ್ಳುಳ್ಳಿ ಸಿಪ್ಪೆ. ತಾಯಿಗೂ ಕೂಸಿಗೂ ಹೊಗೆ, ಕಾವು, ಮತ್ತೆ ಹೊಗೆ. ಗುರುಬಸವ್ವನಿಗೆ ಅವಳ ಅವ್ವ ಮಾಡಿದ್ದೂ ಹೀಗೇ, ಅವ್ವನಿಗೆ ಅಜ್ಜಿ ಮಾಡಿದ್ದೂ ಹೀಗೇ. ಆಗ ಹೊರಗೆ ಹೊಲವಿತ್ತು, ಹಳ್ಳವಿತ್ತು, ಗಾಳಿಯಲ್ಲಿ ಹಸಿ ಇತ್ತು, ಕಾವು ಬೇಕಾಗಿತ್ತು.

“ದೊಡ್ಡವ್ವಾ,” ಎಂದು ಶಿವಲೀಲಾ ಫೋನಿನಲ್ಲಿ ನೀಲಾಂಬಿಕಾಗೆ ಪಿಸುಗುಟ್ಟಿದಳು, ತಾಯಿ ಅಡುಗೆಮನೆಗೆ ಹೋದ ಹೊತ್ತು ನೋಡಿ. “ಕೂಸಿನ ಮೂಗಿನಾಗ ರಕ್ತ ಹೆಪ್ಪಾಗಿತ್ತು ಮುಂಜಾನಿ. ಅವ್ವ ಕಾವಿಗೆ ಅಂತಾಳ. ಕಾವು ಕಡಿಮಿ ಮಾಡಂದ್ರ ಥಂಡಿ ಆಗ್ತೈತಿ ಅಂತಾಳ. ಎರಡೂ ಆಕೀನ ಅಂತಾಳ.”

“ನರ್ಸಮ್ಮ ಬಂದಿದ್ದಳೇನು?”

“ಬಂದಿದ್ರು. ಮೂಗಿಗೆ ಹನಿ ಕೊಟ್ಟಾರ. ಈ ಸಲ ಹುಟ್ಟಿದ ಕೂಸಿಗೆಲ್ಲಾ ಹಿಂಗ ಆಗೇತಿ, ಕೆಳಗಿನ ಮನಿ ಕೂಸು ಹೋತು ಅಂದ್ರು. ಕಫ ಅಂತ. ದೊಡ್ಡವ್ವಾ, ಕೂಸು ಅಳಾಕ ಬಾಯಿ ತಗೀತೈತಿ, ದನಿನ ಬರೂದಿಲ್ಲ.”

ಆಚೆಯಿಂದ ಗುರುಬಸವ್ವನ ದನಿ ಹತ್ತಿರವಾಯಿತು. “ಯಾರಲೇ, ಅಕ್ಕೇನು? ಕೊಡಿಲ್ಲಿ. ಅಕ್ಕಾ, ಇಕೀಗೆ ಸುಮ್ನ ಹೆದ್ರಿಕಿ. ತೊಟ್ಟಿಲಕ್ಕ ಹಾಕೂ ದಿನಕ್ಕ ಬಾ. ಹೆಸರು ನೀನ ಇಡಬೇಕು ನೋಡು. ನಿನ್ನ ಮಾತಿನ ಮ್ಯಾಲೆ ಬಂದ ಕೂಸದು.”

*

ಆ ವಾರ ಸ್ಪಿರಿಟ್ ಬರಲಿಲ್ಲ. ಸರಬರಾಜಿನ ಲಾರಿ ಎಲ್ಲೋ ಕೆಟ್ಟು ನಿಂತಿತ್ತಂತೆ. ಕ್ಯಾಮೆರಾ ಸರಿಯಾಗಿದೆಯೇ ಎಂದು ಆಗಾಗ ಪರೀಕ್ಷಿಸಬೇಕಾದ್ದರಿಂದ ಯೂನುಸ್ ಮೂಡಣದ ಡಬ್ಬಿಯಲ್ಲಿ ಸತ್ತು ಒಣಗಿ ಉಳಿದಿದ್ದ ಒಂದು ಹುಳವನ್ನು ಸ್ನಾನವಿಲ್ಲದೆ ಕ್ಯಾಮೆರಾದ ಕೆಳಗಿಟ್ಟ.

“ಮೇಡಂ, ಇದು ಗುರುತಿಲ್ಲ ಅಂತೈತಿ.”

“ಧೂಳು. ಉಫ್ ಅನ್ನು.”

ಅವನು ಊದಿದ. ಬಟ್ಟೆಯಿಂದ ಒರೆಸಿದ. ಬೆಳ್ಳನೆಯದು ಬಟ್ಟೆಗೆ ಜಿಡ್ಡಿನಂತೆ ಹತ್ತಿತೇ ಹೊರತು ಉದುರಲಿಲ್ಲ. “ಧೂಳು ಅಲ್ರಿ ಇದು. ಧೂಳು ಹಿಂಗ ಅಂಟೂದಿಲ್ಲ.”

ನೀಲಾಂಬಿಕಾ ಎದ್ದು ಬಂದಳು. ಸೂಕ್ಷ್ಮದರ್ಶಕದ ಕೆಳಗೆ ಹುಳದ ಬೆನ್ನು ಬೇರೆಯೇ ಆಗಿ ಕಂಡಿತು. ಬೆನ್ನಿನ ಪ್ರತಿಯೊಂದು ಗುಬುಟಿನ ತುದಿಯಿಂದ ಕೂದಲಿಗಿಂತ ನವುರಾದ ಬಿಳಿ ಎಳೆಗಳು ಹೊರಟು, ಒಂದಕ್ಕೊಂದು ಹೆಣೆದುಕೊಂಡು, ಇಡೀ ಮೈಗೆ ಕಂಬಳಿ ಹೊದಿಸಿದ್ದವು. ಸೂಜಿಯ ತುದಿ ಕಾಯಿಸಿ ತಾಗಿಸಿದಳು. ಎಳೆ ಕರಗಿತು.

ಮೇಣ.

ಪಡುವಣದ ಒಂದು ಹುಳ ತೆಗೆದು ನೋಡಿದಳು. ಅದೇ ಜಾತಿ, ಅದೇ ಗೆಣ್ಣು, ಅದೇ ಗೆರೆ. ಮೇಣ ಇಲ್ಲ. ಕಾದು ಆರಿದ ಕಬ್ಬಿಣದಂಥ ಕಪ್ಪು.

ಅವಳಿಗೆ ಆಗಲೇ ಅರ್ಥವಾಗಿತ್ತು. ಆದರೂ ಖಾತ್ರಿಯಿಲ್ಲದೆ ಬಾಯಿ ತೆರೆಯಲಾರದ ಜೀವ ಅದು. ಗಾಜಿನ ಭರಣಿಯ ತಳಕ್ಕೆ ಸುಟ್ಟ ಸುಣ್ಣದ ಹರಳು ಹಾಕಿ, ಅದರ ಮೇಲೆ ಜಾಲರಿ ಇಟ್ಟು, ಪಡುವಣದ ಜೀವಂತ ಕರಿಹುಳವನ್ನು ಬಿಟ್ಟು ಬಿಗಿಯಾಗಿ ಮುಚ್ಚಿದಳು. ಸುಣ್ಣ ಭರಣಿಯೊಳಗಿನ ತೇವವನ್ನೆಲ್ಲ ಕುಡಿಯಿತು. ಮೊದಲ ದಿನ ಹುಳ ಕಪ್ಪಾಗಿಯೇ ಇತ್ತು. ಮರುದಿನ ಅಂಚುಗಳು ಮಾಸಿದವು. ಅದರ ಮರುದಿನ ಬೆಳಗ್ಗೆ ಯೂನುಸ್ ಬಾಗಿಲು ತೆರೆದವನೇ ಭರಣಿ ಕಂಡು ಅಲ್ಲೇ ನಿಂತ.

“ಮೂಡಣದ್ದಿಟ್ಟೀರೇನ್ರಿ ಮೇಡಂ ಇದರಾಗ?”

“ಇಲ್ಲ, ನಮ್ಮದ. ಮೂಡಣ ಮಾಡೀನಿ.”

ಗಾಳಿ ಒಣಗಿದರೆ ಹುಳ ಸಾಯುತ್ತದೆ ಎಂದು ಒಪ್ಪಂದ ಬರೆದವರು ನಂಬಿದ್ದರು. ಹುಳ ಸಾಯಲಿಲ್ಲ. ಮೈಯಿಂದ ಒಂದು ಹನಿಯೂ ಹೊರಹೋಗದಂತೆ ಮೇಣದ ಅಂಗಿ ತೊಟ್ಟು ಕುಳಿತಿತ್ತು. ಅಂಗಿ ದಪ್ಪವಾದಷ್ಟೂ ಗಾಳಿ ಒಣಗಿದೆ ಎಂದೇ ಅರ್ಥ. ಯಾರೂ ಒಲೆ ಹೂಡಿ ಕೆಡಿಸಲಾಗದ ಮಾಪಕ ಅದರ ಬೆನ್ನಿನ ಮೇಲೇ ಇತ್ತು. ಆ ಅಂಗಿಯನ್ನು ಕೇಂದ್ರದವರು ವರ್ಷ ವರ್ಷವೂ ಸ್ಪಿರಿಟ್ಟಿನಲ್ಲಿ ಅದ್ದಿ, ಒಂಟೆ ಕೂದಲಿನ ಬ್ರಷ್ಷಿನಿಂದ ಉಜ್ಜಿ, ಮಲ್ ಬಟ್ಟೆಯಲ್ಲಿ ಒತ್ತಿ ತೆಗೆದಿದ್ದರು.

ಡಬ್ಬಿಯಲ್ಲಿದ್ದ ಮೂಡಣದ ಹುಳದ ಮೇಣ ಭರಣಿಯ ಹುಳದ ಮೇಣಕ್ಕಿಂತ ದಪ್ಪಗಿತ್ತು. ಅಂದರೆ ಎರಡನೆಯ ಸಾಲು ಪೂರ್ತಿ ಓಡುವ ಮೊದಲೇ ಹುಲಿಗುಂಡಿಯ ಗಾಳಿ ಸುಟ್ಟ ಸುಣ್ಣದ ಭರಣಿಗಿಂತ ಬೇರೆಯಾಗಿರಲಿಲ್ಲ.

“ಮೇಡಂ,” ಎಂದ ಯೂನುಸ್, “ನಿಮ್ಮ ತಂಗಿ ಮನ್ಯಾಗ ಬಾಣಂತಿ…”

ನೀಲಾಂಬಿಕಾ ಭರಣಿಯನ್ನೂ ಹುಳದ ಡಬ್ಬಿಗಳನ್ನೂ ಎತ್ತಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಇಳಿಯುತ್ತಲೇ ಮಂಡಳಿಯ ಕಾರ್ಯದರ್ಶಿಗೆ ಫೋನು ಮಾಡಿದಳು. ಆತ ಪೂರ್ತಿ ಕೇಳಿಸಿಕೊಂಡ, ಮರ್ಯಾದೆಯಿಂದಲೇ. ಅರ್ಜಿ ಕೊಡಿ, ಮುಂದಿನ ಸಭೆಯಲ್ಲಿ ಇಡೋಣ ಎಂದ. ಮುಂದಿನ ಸಭೆ ಯಾವಾಗ ಎಂದು ಕೇಳಿದ್ದಕ್ಕೆ, ದಸರೆ ಮುಗಿಯಲಿ ಎಂದ.

*

“ಇಲ್ಲಿಗೆ ಹೊರಗಿನವರು ಬರಂಗಿಲ್ರಿ ಅತ್ತಿ,” ಎಂದು ಅಮರೇಶ ಕುರ್ಚಿ ಬಿಟ್ಟು ಎದ್ದ. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಟ್ಯಾಂಕುಗಳ ಚಿತ್ರ. ಒಂದೊಂದರಲ್ಲೂ ನೀಲಿ ನೀರು ಏರುತ್ತಿತ್ತು. “ಬಂದೀರಿ, ಚಾ ಕುಡದು ಹೋಗ್ರಿ.”

“ಅಮರೇಶಪ್ಪಾ, ಎರಡನೇ ಸಾಲು ಬಂದ್ ಮಾಡ್ರಿ.”

“ಚಾಕ್ಕ ಸಕ್ರಿ ಬ್ಯಾಡ ಅಂದಂಗ ಅಂತೀರಲ್ರಿ,” ಎಂದು ಅವನು ನಕ್ಕ. ಅವಳು ನಗಲಿಲ್ಲ. ಮೇಜಿನ ಮೇಲೆ ಎರಡು ಹುಳ ಇಟ್ಟಳು, ಒಂದು ಕಪ್ಪು, ಒಂದು ಬಿಳಿ. ಹೇಳಬೇಕಾದದ್ದನ್ನು ಹೇಳಿದಳು. ಪಾಠ ಮಾಡುವವರಂತೆ ಸಾವಕಾಶವಾಗಿ, ಒಂದೊಂದನ್ನೇ.

ಅಮರೇಶ ಬಹಳ ಹೊತ್ತು ಹುಳ ನೋಡಿದ. “ಎರಡೂ ಒಂದ ಜಾತಿ ಅಂದ್ರಿ.”

“ಹೌದು.”

“ಒಂದ ಜಾತಿ ಅಂದ ಮ್ಯಾಲೆ ಒಪ್ಪಂದ ಮುರದಿಲ್ಲಲ್ರಿ. ಕಾಗದದಾಗ ಜಾತಿ ಅಂತ ಐತಿ, ಬಣ್ಣ ಅಂತ ಇಲ್ಲ. ನಾ ಹೆಂಗ ಬಂದ್ ಮಾಡ್ಲಿ? ಯಾರರ ಕೇಳಿದ್ರ ಪ್ರಮಾಣಪತ್ರ ತೋರಸ್ತಾರ. ಅದರ ಮ್ಯಾಲೆ ಯಾರ ಸಹಿ ಐತ್ರಿ?”

“ನಂದೈತಿ. ನಂದ ತಪ್ಪು ಅಂತ ನಾನ ಹೇಳ್ತೀನಿ.”

“ನೀವು ಹೇಳ್ತೀರಿ. ಕೇಳವ್ರು ದಸರಾ ಮುಗಿಸಿ ಬರ್ತಾರ.” ಅವನು ಗೋಡೆಯ ಕಡೆ ಬೆರಳು ಮಾಡಿದ. “ಅದು ನೋಡ್ರಿ, ಆಸ್ಪತ್ರಿ ಟ್ಯಾಂಕು. ಎರಡನೇ ಸಾಲು ನಿಂತ್ರ ಸಂಜಿಮುಂದ ತಳ ಕಾಣ್ತೈತಿ. ಕೆಳಗಿನ ಓಣಿಗೆ ನಲ್ಲಿ ಬಂದು ಎರಡು ತಿಂಗಳಾಗಿಲ್ಲ. ಅಲ್ಲೂ ಕೂಸು ಅದಾವ್ರಿ ಅತ್ತಿ. ಒಂದು ಕಡೆ ಕೂಸಿನ ಬಾಯಿಂದ ಕಸದು…”

ಅವನು ಮಾತು ಅಲ್ಲಿಗೇ ಬಿಟ್ಟ. ಯಾರ ಕೂಸಿನ ಮಾತು ಅದು ಎಂಬುದು ಅವನಿಗೆ ಆಗಷ್ಟೇ ತಲೆಗೆ ಹೋದಂತಿತ್ತು.

“ಮೊನ್ನೆ ಮಾತಾಡಿದಾಗ ಶಿವಲೀಲಾ ಏನೂ ಅನ್ನಲಿಲ್ಲ,” ಎಂದ. “ನೆಗಡಿ ಅಂದ್ಳು.”

“ನಿಮಗ ಹೆದ್ರಿಕಿ ಆಗಬಾರದಂತ ಅಂದಾಳ.”

“ನೀವು ಹೋಗಿ ಕರಕೊಂಡು ಬಂದುಬಿಡ್ರಿ. ಈಗ ಹೋಗ್ರಿ. ನಾ ಹೊಂಟ್ರ ಪಾಳಿ ಬಿಟ್ಟು ಹೋದಂತ ಬಾಗಲಾ ಹಾಕ್ತಾರ, ಮತ್ತ ಈ ಕೋಲಿಯೊಳಗ ಬಿಡೂದಿಲ್ಲ.” ಅವನ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಗುಬ್ಬಿ ಅಲ್ಲಿಂದ ಗೇಣುದೂರ. ಅವನು ಅದನ್ನು ಮುಟ್ಟಲಿಲ್ಲ. “ಅತ್ತೀ, ನಾ ಬಂದ್ ಮಾಡಿದ್ರ ಗಾಳಿ ಯಾವಾಗ ಸರಿ ಆಗ್ತೈತಿ?”

“ಗೊತ್ತಿಲ್ಲ. ಹುಳದ ಮೇಣ ಕರಗಾಕ ದಿನಾ ಹಿಡೀತೈತಿ.”

ಬಾಗಿಲ ಹೊರಗೆ ಯೂನುಸ್ ಜೀಪು ಚಾಲೂ ಮಾಡಿ ಕಾಯುತ್ತಿದ್ದ. ದಾರಿಯುದ್ದಕ್ಕೂ ಶಿವಲೀಲಾಳ ಫೋನು ಹತ್ತಲೇ ಇಲ್ಲ. ಗುಡ್ಡದ ತಿರುವು ದಾಟಿ ಮೂಡಣಕ್ಕೆ ಇಳಿಯುವ ಹೊತ್ತಿಗೆ ನೀಲಾಂಬಿಕಾಳ ಕಣ್ಣೆವೆಗಳ ಒಳಗೆ ಮರಳು ಹೊಕ್ಕಂತಾಯಿತು. ಈ ದಾರಿಯಲ್ಲಿ ಎಷ್ಟೋ ಸಲ ಹೀಗಾಗಿತ್ತು. ಪ್ರತಿ ಸಲವೂ ಅದನ್ನು ಬಿಸಿಲೆಂದುಕೊಂಡಿದ್ದಳು.

*

ಕೋಣೆಯ ಬಾಗಿಲು ತೆರೆದಾಗ ಅಜಿವಾನದ ಹೊಗೆ ಮುಖಕ್ಕೆ ಬಡಿಯಿತು. ನೀಲಾಂಬಿಕಾ ಅಗ್ಗಿಷ್ಟಿಗೆಯನ್ನು ಇಕ್ಕಳದಿಂದ ಎಳೆದು ಅಂಗಳಕ್ಕೆ ಹಾಕಿದಳು. ಕಿಟಕಿಯ ಗೋಣಿತಟ್ಟು ಕಿತ್ತಳು.

“ಏನು ಮಾಡಾಕತ್ತಿಯಬೇ ಅಕ್ಕಾ! ಬಾಣಂತಿಗೆ ಗಾಳಿ ತಾಕ್ತೈತಿ!”

“ಮನ್ಯಾಗ ಇದ್ದಷ್ಟೂ ನೀರು ತಾ. ಸೀರಿ ತಾ, ಚಾದರ ತಾ. ತೋಯಿಸಿ ಹಗ್ಗಕ್ಕ ಹಾಕು. ಗುರೂ, ಆಮ್ಯಾಲೆ ಹೇಳ್ತೀನಿ, ಈಗ ತಾ.”

ಕೊಡದಲ್ಲಿದ್ದ ನೀರು ಮುಗಿಯಿತು, ಕುಡಿಯಲು ಮುಚ್ಚಿಟ್ಟದ್ದೂ ಮುಗಿಯಿತು. ಯೂನುಸ್ ಅಕ್ಕಪಕ್ಕದ ಮನೆಗಳಿಂದ ಬೇಡಿ ತಂದ. ಕೋಣೆಗೆ ಅಡ್ಡಡ್ಡ ಹಗ್ಗ ಕಟ್ಟಿ ಒದ್ದೆ ಸೀರೆಗಳನ್ನು ಇಳಿಬಿಟ್ಟರು. ಮೊದಲ ಸೀರೆ ಕೊನೆಯದನ್ನು ಹಾಕುವಷ್ಟರಲ್ಲಿ ಒಣಗಿ ಗರಿಗರಿಯಾಗಿತ್ತು. ಗುರುಬಸವ್ವ ಅದನ್ನು ಮುಟ್ಟಿ ನೋಡಿದಳು, ಮತ್ತೊಮ್ಮೆ ಮುಟ್ಟಿದಳು. ಆಮೇಲೆ ತಾನೇ ಅದನ್ನು ಎಳೆದು ಮತ್ತೆ ನೀರಿಗದ್ದಿದಳು.

ಕೂಸು ಶಿವಲೀಲಾಳ ತೊಡೆಯ ಮೇಲಿತ್ತು. ತುಟಿಗಳ ಮೇಲೆ ಸಣ್ಣ ಸಣ್ಣ ಸೀಳು. ಪಕ್ಕೆಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು, ಬರುತ್ತಿತ್ತು. ಒಳಗೆಲ್ಲೋ ಒಣಗಿದ ತರಗೆಲೆ ಅಲುಗಿದಂಥ ಸಪ್ಪಳ.

“ಜೀಪು ಐತಿ, ಹನಿಗೇರಿ ಆಸ್ಪತ್ರಿಗೆ ಹೋಗೂಣು. ಏಳು ಲೀಲಾ.”

“ಹೊಸ್ತಿಲಾ…” ಎಂದು ಗುರುಬಸವ್ವ ಬಾಯಿ ತೆರೆದಳು. ಬಾಣಂತಿ ತಿಂಗಳು ತುಂಬದೆ ಹೊಸ್ತಿಲು ದಾಟುವುದಿಲ್ಲ. ಆದರೆ ಅದನ್ನು ಪೂರ್ತಿ ಹೇಳದೆ, ಹೊದಿಸಲು ತಾನೇ ದುಪ್ಪಟಿ ತಂದಳು. ಅದನ್ನು ನೀರಿಗದ್ದಿ ಹಿಂಡುತ್ತ ನಿಂತು ಕೇಳಿದಳು:

“ಅಕ್ಕಾ, ನಿನ್ನ ಹುಳಾ ಸತ್ತಾವೇನು?”

“ಇಲ್ಲ.”

“ಸಾಯಲಿಲ್ಲಂದ್ರ ಗಾಳಿ ಚೊಲೊ ಐತಿ ಅಂದಿದ್ದಿ.”

“ಮೈಮ್ಯಾಲೆ ಮೇಣಾ ಬೆಳಿಸ್ಕೊಂಡು ಬದಕ್ಯಾವ, ಗುರೂ. ನಾವು ಅದನ್ನ ತೊಳದು ತೊಳದು ನೋಡಿದ್ವಿ.”

ಗುರುಬಸವ್ವ ತನ್ನ ಒಣಗಿದ ಮುಂಗೈಯನ್ನೊಮ್ಮೆ ನೋಡಿಕೊಂಡಳು, ಅಲ್ಲಿ ಏನಾದರೂ ಬೆಳೆದಿದೆಯೋ ಎಂಬಂತೆ. ಏನೂ ಇರಲಿಲ್ಲ.

“ಅವ್ವಾ,” ಎಂದಳು ಶಿವಲೀಲಾ. ಅವಳು ಏಳಲು ಹೋಗಿ ಹಾ‍ಗೇ ಕುಳಿತಿದ್ದಳು. “ಅವ್ವಾ, ಕೂಸು ಹಗುರಾತು.”

ಇಬ್ಬರೂ ತಿರುಗಿದರು. ತರಗೆಲೆಯ ಸಪ್ಪಳ ನಿಂತಿತ್ತು. ನೀಲಾಂಬಿಕಾ ಕೂಸನ್ನು ಎತ್ತಿಕೊಂಡು ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಎರಡು ಬೆರಳಿನಿಂದ ಎದೆ ಒತ್ತಿದಳು. ಒತ್ತುತ್ತಲೇ ಇದ್ದಳು. ಯೂನುಸ್ ಬಾಗಿಲಲ್ಲಿ ಬಂದು ನಿಂತವನು ಮುಖ ತಿರುಗಿಸಿದ. ಕೊನೆಗೆ ಗುರುಬಸವ್ವನೇ ಅಕ್ಕನ ಕೈ ಹಿಡಿದು ನಿಲ್ಲಿಸಿ, ಕೂಸನ್ನು ಇಸಿದುಕೊಂಡು, ಹಿಂಡಿದ ಒದ್ದೆ ದುಪ್ಪಟಿಯಲ್ಲಿ ಸುತ್ತಿ, ತಾಯಿಯ ಪಕ್ಕದಲ್ಲಿ ಮಲಗಿಸಿದಳು.

ನೀಲಾಂಬಿಕಾಳ ಫೋನು ಬಡಿದುಕೊಂಡಿತು.

“ಅತ್ತೀ, ಬಂದ್ ಮಾಡೀನ್ರಿ!” ಅಮರೇಶನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹಿಂದೆ ಬಾಗಿಲು ಗುದ್ದುವ ಸದ್ದು, ಯಾರೋ ಅವನ ಹೆಸರು ಹಿಡಿದು ಕೂಗುತ್ತಿದ್ದರು. “ಎರಡನೇ ಸಾಲು ಪೂರ್ತಿ ನಿಲ್ಲಿಸೀನಿ. ಒಳಗಿಂದ ಚಿಲಕಾ ಹಾಕ್ಕೊಂಡೀನಿ, ಯಾರು ಬಂದ್ರೂ ತಗಿಯಂಗಿಲ್ಲ. ಗಾಳಿ ಏನರ ತಂಪಾತೇನ್ರಿ ಅಲ್ಲಿ?”

“ಅಮರೇಶಪ್ಪಾ…”

“ಒಂದು ತಾಸು ಆಗ್ಲಿ, ಎರಡು ತಾಸು ಆಗ್ಲಿ, ಹಿಡೀತೀನ್ರಿ ನಾ. ಕೂಸಿನ ಉಸಿರು ಈಗ ಹೆಂಗೈತ್ರಿ?”

“ಚಿಲಕಾ ತಗೀರಿ,” ಎಂದಳು ನೀಲಾಂಬಿಕಾ. “ತಗದು ಊರಿಗೆ ಬರ್ರಿ.”

“ತಗದ್ರ ಚಾಲೂ ಮಾಡಿಬಿಡ್ತಾರ್ರಿ ಅತ್ತಿ!”

“ಮಾಡ್ಲಿ. ನೀವು ಬರ್ರಿ.”

ಆ ಕಡೆ ಗುದ್ದುವ ಸದ್ದು ಮಾತ್ರ ಕೇಳುತ್ತಿತ್ತು. ನೀಲಾಂಬಿಕಾ ಫೋನನ್ನು ಕಿವಿಯಿಂದ ತೆಗೆಯದೆ ನಿಂತಳು. ಹಗ್ಗದ ಮೇಲಿನ ಸೀರೆಗಳೆಲ್ಲ ಒಣಗಿ ಸೆಟೆದು, ಕಿಟಕಿಯ ಗಾಳಿಗೆ ಕಾಗದದಂತೆ ಸದ್ದು ಮಾಡುತ್ತಿದ್ದವು. ಕೂಸಿಗೆ ಹಾಲು ಕುಡಿಸುವ ಹೊತ್ತಾಗಿತ್ತು. ಹೊರಸಿನ ಮೇಲೆ ಕುಳಿತೇ ಇದ್ದ ಶಿವಲೀಲಾಳ ಕುಪ್ಪಸದ ಎದೆ ಎರಡೂ ಕಡೆ ತೋಯತೊಡಗಿತು.